ಕಳಚಿದ ಪೊರೆಯನ್ನು ಓದುವ ಬಗೆ: ಕರಾವಳಿಯ ಪೊರೆಬಿಡುವ ಜೀವಿಗಳನ್ನು ಗಮನಿಸಲು ಒಂದು ಕೈಪಿಡಿ

ಮಲ್ಪೆ, ಕಾಪು, ಪಣಂಬೂರು, ಸೋಮೇಶ್ವರದ ಮರಳದಂಡೆಗಳಲ್ಲಿ ಬೆಳಗಿನ ಹೊತ್ತು ನಡೆದಾಡುವವರಿಗೆ ಹಗುರವಾದ ಖಾಲಿ ಏಡಿಚಿಪ್ಪುಗಳು ಕಾಲಿಗೆ ತಾಗುತ್ತವೆ. ತೋಟವಿರುವ ಮನೆಯವರು ಅಡಿಕೆ, ತೆಂಗು, ಹಲಸಿನ ಕಾಂಡಗಳಿಗೆ ಉಗುರೂರಿ ನಿಂತಿರುವ ಕಂದುಬಣ್ಣದ ಒಣ ಕೀಟರೂಪಗಳನ್ನು ಕಂಡಿರುತ್ತಾರೆ. ಹಳೆಯ ಮನೆಗಳ ಮಾಡಿನ ಮೂಲೆಯಲ್ಲಿ ಜೇಡವೊಂದು ಸತ್ತು ತೂಗುತ್ತಿರುವಂತೆ ಕಾಣುವುದೂ ಸಾಮಾನ್ಯ. ಬಹುಮಂದಿ ಇವೆಲ್ಲವನ್ನೂ ಸತ್ತ ಪ್ರಾಣಿಗಳೆಂದು ತಿಳಿದು ಗುಡಿಸಿಹಾಕುತ್ತಾರೆ. ಇವುಗಳಲ್ಲಿ ಹೆಚ್ಚಿನವು ಹೆಣಗಳಲ್ಲ; ಪ್ರಾಣಿ ಬೆಳೆದು ಬಿಟ್ಟುಹೋದ ಹೊರಕವಚಗಳು. ಅಂತಹ ಕವಚವೊಂದು ಸಿಕ್ಕಾಗ ಅದು ಯಾರದು, ಎಲ್ಲಿ ಸೀಳಿತು, ಒಳಗಿದ್ದ ಪ್ರಾಣಿ ಯಾವ ವಯಸ್ಸಿನದು ಎಂಬುದನ್ನು ಹೆಚ್ಚಿನ ಸಲಕರಣೆಯಿಲ್ಲದೆ ಹೇಗೆ ತಿಳಿಯಬಹುದು ಎಂಬುದನ್ನು ಕಾಲೇಜು ವಿದ್ಯಾರ್ಥಿಗಳನ್ನೂ ಶಾಲಾ ಶಿಕ್ಷಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಸಣ್ಣ ಚಿಮಟ, ಗ್ರಾಫ್ ಹಾಳೆ ಮತ್ತು ಗಾಳಿಯಾಡದ ಕೆಲವು ಡಬ್ಬಿಗಳಿದ್ದರೆ ಬಹುಪಾಲು ಕೆಲಸ ನಡೆಯುತ್ತದೆ.

ಯಾರು ಈ ಗುಂಪಿನವರು, ಯಾರು ಅಲ್ಲ

ಪೊರೆ ಬಿಡುವುದೆಂದರೆ ನಮಗೆ ಮೊದಲು ನೆನಪಾಗುವುದು ಹಾವು. ಆದರೆ ಹಾವನ್ನು ಈ ಬರಹದಿಂದ ಹೊರಗಿಡಬೇಕು. ಹಾವು ಬೆನ್ನೆಲುಬುಳ್ಳ ಪ್ರಾಣಿ. ಅದು ಕಳಚುವುದು ತನ್ನ ಚರ್ಮದ ಮೇಲ್ಪದರದ ಸತ್ತ ಜೀವಕೋಶಗಳನ್ನು. ಏಡಿ, ಸಿಗಡಿ, ಜೇಡ, ಕೀಟ, ದುಂಡುಹುಳು ಮುಂತಾದವು ಕಳಚುವುದು ಜೀವಕೋಶಗಳನ್ನಲ್ಲ, ಚರ್ಮದ ಜೀವಕೋಶಗಳು ಸ್ರವಿಸಿ ತಮ್ಮ ಹೊರಗೆ ಪದರಪದರವಾಗಿ ಕಟ್ಟಿದ ನಿರ್ಜೀವ ಕವಚವನ್ನು. ಕೀಟ, ಏಡಿಗಳಲ್ಲಿ ಈ ಕವಚ ಕೈಟಿನ್ ಎಂಬ ಗಟ್ಟಿಯಾದ ನಾರಿನಂತಹ ವಸ್ತು ಮತ್ತು ಪ್ರೋಟೀನುಗಳಿಂದಾದುದು. ಏಡಿ, ಸಿಗಡಿಗಳಲ್ಲಿ ಅದಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟಿನ ಗಟ್ಟಿತನವೂ ಸೇರಿಕೊಳ್ಳುತ್ತದೆ. ದುಂಡುಹುಳುಗಳಲ್ಲಿ ಅದು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನಿನಿಂದ ಆಗಿರುತ್ತದೆ.

ಒಂದು ಕಾಲಕ್ಕೆ ದೇಹದ ಖಂಡವಿಭಜನೆಯನ್ನೇ ಮುಖ್ಯ ಲಕ್ಷಣವೆಂದು ಪರಿಗಣಿಸಿ ಎರೆಹುಳುಗಳನ್ನೂ ಕೀಟ, ಏಡಿಗಳನ್ನೂ ಹತ್ತಿರದ ಬಂಧುಗಳೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 1997ರಲ್ಲಿ ರೈಬೋಸೋಮಿನ ಒಂದು ವಂಶವಾಹಿಯನ್ನು ಹೋಲಿಸಿ ನಡೆಸಿದ ಅಧ್ಯಯನವು ಕೀಟ, ಏಡಿಗಳ ನಿಜವಾದ ಬಂಧುಗಳು ಎರೆಹುಳುಗಳಲ್ಲ, ದುಂಡುಹುಳುಗಳು ಎಂದು ತೋರಿಸಿತು. ಹೊರನೋಟಕ್ಕೆ ಯಾವ ಹೋಲಿಕೆಯೂ ಇಲ್ಲದ ಈ ಪ್ರಾಣಿಗಳನ್ನು ಪೊರೆ ಬಿಡುವ ಗುಣದ ಆಧಾರದ ಮೇಲೆ ಎಕ್ಡೈಸೋಜೋವಾ ಎಂಬ ಒಂದೇ ಗುಂಪಿಗೆ ಸೇರಿಸಲಾಯಿತು. ಕೀಟ, ಏಡಿ, ಜೇಡಗಳನ್ನೊಳಗೊಂಡ ಸಂಧಿಪದಿಗಳು, ದುಂಡುಹುಳುಗಳು, ಕೂದಲುಹುಳುಗಳು, ಟಾರ್ಡಿಗ್ರೇಡುಗಳೆಂಬ ಎಂಟುಕಾಲಿನ ಸೂಕ್ಷ್ಮಜೀವಿಗಳು, ಒನಿಕೋಫೊರಾ ಎಂಬ ಮೃದುದೇಹದ ನೆಲವಾಸಿಗಳು, ಮತ್ತು ಸಮುದ್ರತಳದ ಪ್ರಿಯಪುಲಿಡಾ, ಕೈನೊರಿಂಕಾ, ಲೊರಿಸಿಫೆರಾ, ಹೀಗೆ ಒಟ್ಟು ಎಂಟು ವಂಶಗಳು ಇದರಲ್ಲಿವೆ. ಪೊರೆ ಬಿಡುವುದರ ಜೊತೆಗೆ ಇವುಗಳನ್ನು ಒಂದುಗೂಡಿಸುವ ಇನ್ನೊಂದು ಲಕ್ಷಣವೆಂದರೆ, ಚಲಿಸಲು ನೆರವಾಗುವ ಸಿಲಿಯಾ ಎಂಬ ಸೂಕ್ಷ್ಮರೋಮಗಳು ಇವುಗಳ ಮೈಮೇಲೆ ಇಲ್ಲದಿರುವುದು. ಹೊರಗೆಲ್ಲ ಕವಚ ಮುಚ್ಚಿಕೊಂಡಿರುವಾಗ ಸಿಲಿಯಾಕ್ಕೆ ಅಲ್ಲಿ ಕೆಲಸವೂ ಇಲ್ಲ.

ಮರುವಾಯಿ, ಬಸವನಹುಳುಗಳು ಮೃದ್ವಂಗಿಗಳು. ಅವು ಚಿಪ್ಪನ್ನು ಕಳಚದೆ ಅದರ ಅಂಚಿಗೆ ಹೊಸ ಪದರವನ್ನು ಸೇರಿಸುತ್ತಾ ಬೆಳೆಯುತ್ತವೆ. ಮರುವಾಯಿಯ ಚಿಪ್ಪಿನ ಮೇಲೆ ಕಾಣುವ ಗೆರೆಗಳು ಆ ಬೆಳವಣಿಗೆಯ ಗುರುತುಗಳೇ. ಆದ್ದರಿಂದ ದಂಡೆಯಲ್ಲಿ ಸಿಕ್ಕ ಖಾಲಿ ಮರುವಾಯಿ ಚಿಪ್ಪು ಸತ್ತ ಪ್ರಾಣಿಯದೇ ಹೊರತು ಕಳಚಿದ್ದಲ್ಲ. ಬಂಡೆ ಮತ್ತು ದೋಣಿಗಳ ತಳಕ್ಕೆ ಅಂಟಿಕೊಳ್ಳುವ ಬಾರ್ನಕಲ್ ಮಾತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಸುಣ್ಣದ ಗೋಡೆ ಕಟ್ಟಿಕೊಂಡು ಕೂತಿರುವ ಅದನ್ನು ನೋಡಿದವರು ಚಿಪ್ಪುಮೀನಿನ ಜಾತಿಯೆಂದುಕೊಳ್ಳುತ್ತಾರೆ. ಅದು ಏಡಿ, ಸಿಗಡಿಗಳ ಬಳಗದ್ದು. ಅದು ಸುಣ್ಣದ ಗೋಡೆಯನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ದೇಹದ ಮತ್ತು ಕಾಲುಗಳ ತೆಳುಪೊರೆಯನ್ನಷ್ಟೇ ಕಳಚುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ದಡಕ್ಕೆಳೆದ ದೋಣಿಗಳ ತಳದಲ್ಲಿ ಇವನ್ನು ನಿಧಾನವಾಗಿ ನೋಡಲು ಅವಕಾಶವಿರುತ್ತದೆ; ದೋಣಿಯವರ ಅನುಮತಿ ಕೇಳಿಯೇ ಹತ್ತಿರ ಹೋಗಬೇಕು.

ಕವಚದೊಳಗೆ ನಡೆಯುವುದೇನು

ಪೊರೆ ಬಿಡುವುದನ್ನು ಕೆಲವು ನಿಮಿಷಗಳ ಘಟನೆಯೆಂದು ತಿಳಿದರೆ ಕಳಚಿದ ಕವಚವನ್ನು ಓದಲು ಸಾಧ್ಯವಾಗುವುದಿಲ್ಲ. ಹಳೆಯ ಕವಚ ಸೀಳುವುದು ಬಹಳ ಹಿಂದೆಯೇ ಆರಂಭವಾದ ಕೆಲಸದ ಕೊನೆಯ ಹಂತ. ಮೊದಲು ಚರ್ಮದ ಜೀವಕೋಶಗಳು ಹಳೆಯ ಕವಚದಿಂದ ಬಿಡಿಸಿಕೊಳ್ಳುತ್ತವೆ. ನಡುವೆ ಉಂಟಾದ ಸಂದಿಗೆ ಅವು ಕಿಣ್ವಗಳಿರುವ ದ್ರವವನ್ನು ಸುರಿಸಿ, ಅದರ ಅಡಿಯಲ್ಲಿ ಹೊಸ ಕವಚದ ಮೇಲ್ಪದರವನ್ನು ಸುಕ್ಕುಸುಕ್ಕಾಗಿ ಮಡಿಸಿದ ರೂಪದಲ್ಲಿ ಕಟ್ಟಲಾರಂಭಿಸುತ್ತವೆ. ಬಳಿಕ ಕಿಣ್ವಗಳು ಹಳೆಯ ಕವಚದ ಒಳಪದರಗಳನ್ನು ಕರಗಿಸುತ್ತವೆ, ಕರಗಿದ ಸಾಮಗ್ರಿಯನ್ನು ಪ್ರಾಣಿ ಮರಳಿ ಹೀರಿಕೊಳ್ಳುತ್ತದೆ. ಕಳಚಿದ ಪೊರೆ ಅಷ್ಟು ಹಗುರವಾಗಿರಲು ಇದೇ ಕಾರಣ: ಅದರ ಒಳಭಾಗವನ್ನು ಒಡೆಯನೇ ತಿಂದು ಮುಗಿಸಿರುತ್ತಾನೆ. ಕೊನೆಗೆ ಪ್ರಾಣಿ ಗಾಳಿಯನ್ನೋ ನೀರನ್ನೋ ಒಳಗೆ ತೆಗೆದುಕೊಂಡು ಉಬ್ಬುತ್ತದೆ, ಮೊದಲೇ ದುರ್ಬಲವಾಗಿರುವ ಗೆರೆಯುದ್ದಕ್ಕೂ ಹಳೆಯ ಕವಚ ಸೀಳುತ್ತದೆ. ಹೊರಬಂದ ಮೃದುದೇಹ ಮತ್ತೂ ಉಬ್ಬಿ ಸುಕ್ಕುಗಳನ್ನು ಬಿಡಿಸಿಕೊಂಡ ಮೇಲೆ ಹೊಸ ಕವಚ ಗಟ್ಟಿಯಾಗುತ್ತದೆ. ಅಡುಗೆಮನೆಯಲ್ಲಿ ಆಗೀಗ ಕಾಣುವ ಬಿಳಿ ಜಿರಳೆ ಬೇರೆ ಜಾತಿಯದಲ್ಲ. ಆಗಷ್ಟೇ ಪೊರೆ ಬಿಟ್ಟ ಸಾಮಾನ್ಯ ಜಿರಳೆ. ಕೆಲವು ಗಂಟೆಗಳಲ್ಲಿ ಅದು ಎಂದಿನ ಕಂದುಬಣ್ಣಕ್ಕೆ ತಿರುಗುತ್ತದೆ.

ಸಂಧಿಪದಿಗಳಲ್ಲಿ ಇದೆಲ್ಲವನ್ನೂ ನಡೆಸುವುದು ಎಕ್ಡೈಸೋನ್ ಮತ್ತು ಅದರ ಬಳಗದ ಹಾರ್ಮೋನುಗಳು. 1954ರಲ್ಲಿ ಬುಟೆನಾಂಟ್ ಮತ್ತು ಕಾರ್ಲ್ಸನ್ ಎಂಬ ಜರ್ಮನ್ ವಿಜ್ಞಾನಿಗಳು ಸುಮಾರು 500 ಕಿಲೋಗ್ರಾಂ ಕೋಶಾವಸ್ಥೆಯ ರೇಷ್ಮೆಹುಳುಗಳಿಂದ ಕೇವಲ 25 ಮಿಲಿಗ್ರಾಂ ಎಕ್ಡೈಸೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇಷ್ಟು ಅಲ್ಪ ಪ್ರಮಾಣದ ವಸ್ತು ಇಡೀ ದೇಹವನ್ನು ಹೊಸತಾಗಿ ಕಟ್ಟಿಸುತ್ತದೆ. ಕೀಟಗಳಲ್ಲಿ ಜುವೆನೈಲ್ ಹಾರ್ಮೋನ್ ಎಂಬ ಇನ್ನೊಂದು ರಾಸಾಯನಿಕವಿದೆ. ಅದು ಸಾಕಷ್ಟಿರುವಾಗ ಪೊರೆ ಬಿಟ್ಟ ಮರಿ ಮತ್ತೆ ಮರಿಯಾಗಿಯೇ ಉಳಿಯುತ್ತದೆ, ಕಡಿಮೆಯಾದಾಗ ಪ್ರೌಢರೂಪದತ್ತ ಸಾಗುತ್ತದೆ. ಏಡಿ, ಸಿಗಡಿಗಳಲ್ಲಿ ಪೊರೆ ಬಿಡುವುದನ್ನು ತಡೆಹಿಡಿಯುವ ಹಾರ್ಮೋನು ಕಣ್ಣಿನ ಕಾಂಡದೊಳಗಿನ ಗ್ರಂಥಿಯಿಂದ ಬರುತ್ತದೆ.

ರೆಕ್ಕೆ ಬಂದ ಪ್ರೌಢ ಕೀಟ ಮತ್ತೆ ಪೊರೆ ಬಿಡುವುದಿಲ್ಲ; ಮೇಫ್ಲೈ ಎಂಬ ಅಲ್ಪಾಯು ಕೀಟವೊಂದೇ ರೆಕ್ಕೆ ಬಂದ ಮೇಲೂ ಒಮ್ಮೆ ಕಳಚುತ್ತದೆ. ಹೀಗಾಗಿ ಸಣ್ಣ ನೊಣ ದೊಡ್ಡ ನೊಣದ ಮರಿಯಲ್ಲ, ಸಣ್ಣ ಇರುವೆ ಬೆಳೆದು ದೊಡ್ಡ ಇರುವೆಯಾಗುವುದಿಲ್ಲ. ಏಡಿಗಳಲ್ಲಿಯೂ ಹಳೆಯ ಪುಸ್ತಕಗಳ ನಡುವೆ ಓಡಾಡುವ ಸಿಲ್ವರ್ ಫಿಶ್ ಕೀಟದಲ್ಲಿಯೂ ಪ್ರೌಢಾವಸ್ಥೆಯ ಬಳಿಕವೂ ಪೊರೆ ಬಿಡುವುದು ಮುಂದುವರಿಯುತ್ತದೆ.

ಏಡಿಯ ಚಿಪ್ಪನ್ನು ಪರೀಕ್ಷಿಸುವುದು

ಕಲಿಯಲು ತೊಡಗುವವರು ಏಡಿಯಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ಎಲ್ಲವೂ ಬರಿಗಣ್ಣಿಗೆ ಕಾಣುತ್ತದೆ. ಭರತ ಇಳಿದ ಮೇಲೆ ಅಲೆಗಳು ಕಸವನ್ನು ಸಾಲಾಗಿ ಬಿಟ್ಟುಹೋದ ಗೆರೆಯುದ್ದಕ್ಕೂ ನಡೆಯುತ್ತಾ ಹುಡುಕಬೇಕು. ಅಳಿವೆಗಳ ಪಕ್ಕದ ಕಾಂಡ್ಲಾ ಗಿಡಗಳ ಬೇರುಗಳ ನಡುವೆಯೂ ಇವು ಸಿಗುತ್ತವೆ. ಮಳೆಗಾಲದ ಕಡಲು ಒರಟಾಗಿರುವ ದಿನಗಳಲ್ಲಿ ಮಾತ್ರ ದಂಡೆಗಿಳಿಯುವ ಸಾಹಸ ಬೇಡ.

ಸಿಕ್ಕ ಏಡಿಯನ್ನು ಅಂಗೈಯಲ್ಲಿಟ್ಟು ಅದರ ಹಿಂಭಾಗ ನಿಮ್ಮ ಕಡೆಗಿರುವಂತೆ ಹಿಡಿಯಿರಿ. ಬೆನ್ನುಚಿಪ್ಪಿನ ಹಿಂದಿನ ಅಂಚು ಎಲ್ಲಿ ಹೊಟ್ಟೆಭಾಗವನ್ನು ಸೇರುತ್ತದೋ ಅಲ್ಲಿ ಬೆರಳ ತುದಿಯಿಂದ ಮೆಲ್ಲಗೆ ಎತ್ತಿ ನೋಡಿರಿ. ಅದು ಕಳಚಿದ ಪೊರೆಯಾಗಿದ್ದರೆ ಬೆನ್ನುಚಿಪ್ಪು ಮುಂದುಗಡೆ ಅಂಟಿಕೊಂಡೇ ಇದ್ದು ಹಿಂದುಗಡೆಯಿಂದ ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಏಡಿ ಹಿಮ್ಮುಖವಾಗಿ ಹೊರಬಂದ ದಾರಿಯೇ ಅದು. ಒಳಗೆ ಮಾಂಸವಿರುವುದಿಲ್ಲ, ಕೊಳೆತ ವಾಸನೆಯೂ ಇರುವುದಿಲ್ಲ. ಎರಡೂ ಬದಿಗಳಲ್ಲಿ ಗರಿಯಂತಹ ಮಾಸಲು ಪದರಗಳು ಕಾಣುತ್ತವೆ. ಅವು ಕಿವಿರುಗಳಲ್ಲ, ಕಿವಿರುಗಳ ಮೇಲಿದ್ದ ತೆಳು ಹೊದಿಕೆ. ಕಣ್ಣಿನ ಕಾಂಡವನ್ನು ಬೆಳಕಿಗೆ ಹಿಡಿದರೆ ಕಣ್ಣು ಖಾಲಿಯಾಗಿ ಪಾರದರ್ಶಕವಾಗಿರುತ್ತದೆ. ಮುಂಭಾಗದಲ್ಲಿ, ಬಾಯಿಯ ಹಿಂದೆ, ಆಹಾರ ಅರೆಯುವ ಜಠರದ ಒಳಪೊರೆಯು ಅದರ ಪುಟ್ಟ ಹಲ್ಲುಗಳ ಸಹಿತ ಸಿಗುವುದುಂಟು. ಮಸೂರದಡಿ ಇದನ್ನು ಹುಡುಕುವುದು ತಾಳ್ಮೆಯ ಕೆಲಸ, ಆದರೆ ಒಮ್ಮೆ ಕಂಡವರು ಪೊರೆ ಬಿಡುವುದೆಂದರೆ ಮೇಲಂಗಿ ತೆಗೆಯುವಷ್ಟು ಸರಳವಲ್ಲ ಎಂಬುದನ್ನು ಮರೆಯಲಾರರು. ಇದಕ್ಕೆ ಬದಲಾಗಿ, ಬೆನ್ನುಚಿಪ್ಪು ಅಡ್ಡಾದಿಡ್ಡಿಯಾಗಿ ಒಡೆದಿದ್ದು, ಒಳಗೆ ಮಾಂಸದ ಚೂರುಗಳೂ ನೊಣಗಳೂ ಇದ್ದರೆ ಅದು ಸತ್ತ ಏಡಿ. ಕಾಗೆಯೋ ಹದ್ದೋ ಅದನ್ನು ತೆರೆದಿರುತ್ತದೆ.

ಮುಂದೆ ಕೆಳಭಾಗಕ್ಕೆ ಮಡಿಚಿಕೊಂಡಿರುವ ಹೊಟ್ಟೆಯ ಪಟ್ಟಿಯನ್ನು ನೋಡಬೇಕು. ಅದು ಕಿರಿದಾದ ತ್ರಿಕೋನವಾಗಿದ್ದರೆ ಗಂಡು, ಅಗಲವಾಗಿದ್ದರೆ ಬೆಳೆದ ಹೆಣ್ಣು. ಎಳೆಯ ಹೆಣ್ಣಿನಲ್ಲಿ ಈ ಪಟ್ಟಿ ಅಷ್ಟು ಅಗಲವಿರುವುದಿಲ್ಲ. ಅಳಿವೆಯ ಕೆಸರೇಡಿಯಂತಹ ಜಾತಿಗಳಲ್ಲಿ ಹೆಣ್ಣು ಆಗಷ್ಟೇ ಪೊರೆ ಬಿಟ್ಟು ಮೃದುವಾಗಿರುವಾಗಲೇ ಕೂಡುವಿಕೆ ನಡೆಯುತ್ತದೆ, ಗಂಡು ಅದಕ್ಕೂ ಮೊದಲೇ ಅವಳನ್ನು ಹಿಡಿದುಕೊಂಡು ಕಾವಲಿರುತ್ತದೆ. ಒಂದು ಇಕ್ಕುಳಗಾಲು ದೊಡ್ಡದಾಗಿ ಇನ್ನೊಂದು ಪುಟ್ಟದಾಗಿ, ಹೊಸದಾಗಿ ಇದ್ದರೆ, ಹಿಂದೊಮ್ಮೆ ಕಳೆದುಕೊಂಡ ಕಾಲು ಮರಳಿ ಬೆಳೆಯುತ್ತಿದೆಯೆಂದು ತಿಳಿಯಬಹುದು. ಕಾಲು ಕಳೆದ ಜಾಗದಲ್ಲಿ ಮಡಚಿದ ಮೊಗ್ಗೊಂದು ಬೆಳೆದು, ಮುಂದಿನ ಪೊರೆ ಬಿಡುವಾಗ ಬಿಚ್ಚಿಕೊಳ್ಳುತ್ತದೆ. ಒಮ್ಮೆಗೇ ಪೂರ್ಣ ಗಾತ್ರ ಬರುವುದಿಲ್ಲವಾದ್ದರಿಂದ ಕೆಲವು ಸುತ್ತುಗಳು ಬೇಕಾಗುತ್ತವೆ. ಆದರೆ ಎರಡು ಇಕ್ಕುಳಗಳು ಸಹಜವಾಗಿಯೇ ಅಸಮಾನವಾಗಿರುವ ಜಾತಿಗಳೂ ಇವೆ. ದಂಡೆಯಲ್ಲಿ ಬಿಲ ತೋಡಿ ಓಡಾಡುವ ಏಡಿಗಳು ಅಂತಹವು. ಅವುಗಳ ವಿಷಯದಲ್ಲಿ ಈ ತೀರ್ಮಾನಕ್ಕೆ ಆತುರಪಡಬಾರದು.

ಮಾರುಕಟ್ಟೆಯಲ್ಲಿಯೂ ಇದೇ ಜ್ಞಾನ ಕೆಲಸಕ್ಕೆ ಬರುತ್ತದೆ. ಏಡಿಯ ಕೆಳಮೈಯನ್ನೂ ಕಾಲಿನ ಬುಡವನ್ನೂ ಹೆಬ್ಬೆರಳಿನಿಂದ ಒತ್ತಿದಾಗ ತಗ್ಗಿದರೆ, ಗಾತ್ರಕ್ಕೆ ತಕ್ಕ ತೂಕವಿಲ್ಲದಿದ್ದರೆ, ಅದು ಇತ್ತೀಚೆಗಷ್ಟೇ ಪೊರೆ ಬಿಟ್ಟಿದ್ದು, ಒಳಗೆ ಮಾಂಸಕ್ಕಿಂತ ನೀರೇ ಹೆಚ್ಚು. ಬೆನ್ನಮೇಲೆ ಬಾರ್ನಕಲ್ ಅಂಟಿಕೊಂಡಿದ್ದು ಇಕ್ಕುಳದ ಹಲ್ಲುಗಳು ಸವೆದಿದ್ದರೆ ಪೊರೆ ಬಿಟ್ಟು ಬಹಳ ಕಾಲವಾಗಿದೆ, ಚಿಪ್ಪು ತುಂಬಿದೆ. ನೋಟಕ್ಕೆ ಸ್ವಚ್ಛವಾಗಿ ಹೊಳೆಯುವ ಏಡಿಯನ್ನೇ ಆರಿಸುವವರು ಆಗಾಗ ಮೋಸಹೋಗುತ್ತಾರೆ.

ಮರ, ಗದ್ದೆ, ಗೋಡೆಗಳಲ್ಲಿ

ಬೇಸಗೆಯ ಕೊನೆಗೆ, ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ, ಕಿವಿಗಡಚಿಕ್ಕುವಂತೆ ಕೂಗುವ ಜೀರುಂಡೆಗಳ ಪೊರೆಗಳನ್ನು ಮರದ ಕಾಂಡಗಳಲ್ಲಿ ಹುಡುಕಬಹುದು. ಇಲ್ಲಿ ಹೇಳುತ್ತಿರುವುದು ದುಂಬಿಯನ್ನಲ್ಲ, ಸಿಕಾಡ ಎಂಬ ಕೀಟವನ್ನು. ಅದರ ಮರಿ ಮಣ್ಣಿನಡಿಯಲ್ಲಿ ಬೇರಿನ ರಸ ಹೀರುತ್ತಾ ಬೆಳೆದು, ರಾತ್ರಿಯ ಹೊತ್ತು ಮೇಲೆ ಬಂದು, ಕಾಂಡವನ್ನೇರಿ ಕೊನೆಯ ಪೊರೆ ಬಿಡುತ್ತದೆ. ಪೊರೆಯ ಮುಂಗಾಲುಗಳು ಮಣ್ಣು ತೋಡಲು ತಕ್ಕಂತೆ ದಪ್ಪವಾಗಿ, ಹಲ್ಲುಹಲ್ಲಾಗಿರುವುದನ್ನು ಗಮನಿಸಿರಿ. ಸೀಳು ತಲೆಯ ಮೇಲಿನಿಂದ ಎದೆಭಾಗದ ಬೆನ್ನಿನ ನಡುಗೆರೆಯಲ್ಲಿರುತ್ತದೆ. ಕೀಟಗಳಲ್ಲಿ ಸಾಮಾನ್ಯವಾಗಿ ಸೀಳುವ ಜಾಗ ಇದೇ. ಆ ಸೀಳಿನೊಳಗೆ ನೋಡಿದರೆ ಕೆಲವು ಬಿಳಿಯ ನೂಲುಗಳು ಎರಡೂ ಬದಿಯ ಗೋಡೆಗಳಿಂದ ಹೊರಟು ಇಳಿಬಿದ್ದಿರುತ್ತವೆ. ಜೇಡನ ಬಲೆಯೆಂದು ಅವುಗಳನ್ನು ತೆಗೆದುಬಿಡಬಾರದು. ಕೀಟಗಳಿಗೆ ಶ್ವಾಸಕೋಶವಿಲ್ಲ, ಬದಿಗಳ ರಂಧ್ರಗಳಿಂದ ಒಳಹೋಗುವ ಕವಲುಕವಲಾದ ಶ್ವಾಸನಾಳಗಳಿವೆ. ಆ ನಾಳಗಳ ಒಳಗೋಡೆಯೂ ಹೊರಕವಚದ ಮುಂದುವರಿಕೆಯೇ ಆದ್ದರಿಂದ ಪೊರೆಯೊಂದಿಗೆ ಅದೂ ಎಳೆದುಕೊಂಡು ಹೊರಬರುತ್ತದೆ. ಮುಂಗರುಳು, ಹಿಂಗರುಳುಗಳ ಒಳಪದರಕ್ಕೂ ಇದೇ ಗತಿ. ಗೆದ್ದಲುಗಳ ಅನೇಕ ಜಾತಿಗಳಲ್ಲಿ ಮರವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಹಿಂಗರುಳಿನ ಪದರದೊಂದಿಗೆ ನಷ್ಟವಾಗುವುದರಿಂದ, ಪೊರೆ ಬಿಟ್ಟ ಗೆದ್ದಲು ಗೂಡಿನ ಇತರರಿಂದ ಅವುಗಳನ್ನು ಮತ್ತೆ ಪಡೆದುಕೊಳ್ಳಬೇಕಾಗುತ್ತದೆ.

ಗದ್ದೆಯ ಪೈರು, ಕೆರೆ ಮತ್ತು ಮದಗಗಳ ಅಂಚಿನ ಹುಲ್ಲು, ಬಾವಿಯ ಒಳಗೋಡೆ, ಇಲ್ಲೆಲ್ಲ ನೀರಿನಿಂದ ಒಂದಿಷ್ಟು ಮೇಲೆ ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್ ಫ್ಲೈ) ಪೊರೆ ಸಿಗುತ್ತದೆ. ತಲೆಯ ಕೆಳಗೆ ಮಡಚಿಕೊಂಡಿರುವ ಉದ್ದನೆಯ ಕೆಳದುಟಿ ಅದರ ಗುರುತು. ನೀರಿನಲ್ಲಿದ್ದಾಗ ಅದನ್ನು ಚಾಚಿ ಸೊಳ್ಳೆಮರಿಗಳನ್ನೂ ಗೊದಮೊಟ್ಟೆಗಳನ್ನೂ ಹಿಡಿಯುತ್ತಿತ್ತು. ಬಾಲದ ತುದಿಯಲ್ಲಿ ಎಲೆಯಂತಹ ಮೂರು ಪದರಗಳಿದ್ದರೆ ಅದು ತೆಳುದೇಹದ ಡ್ಯಾಮ್ಸೆಲ್ ಫ್ಲೈ.

ಜೇಡದ ಪೊರೆಯಲ್ಲಿ ಸೀಳು ಬೆನ್ನಿನ ನಡುವೆ ಇರುವುದಿಲ್ಲ. ತಲೆ ಮತ್ತು ಎದೆಯನ್ನು ಮುಚ್ಚುವ ಬೆನ್ನುಚಿಪ್ಪು ಅಂಚಿನ ಸುತ್ತ ಬಿಟ್ಟುಕೊಂಡು ಮೇಲೇಳುತ್ತದೆ, ಎಂಟೂ ಕಾಲುಗಳು ಟೊಳ್ಳಾಗಿ ಉಳಿಯುತ್ತವೆ. ಎದ್ದ ಚಿಪ್ಪನ್ನು ಮಸೂರದಲ್ಲಿ ನೋಡಿದರೆ ಕಣ್ಣುಗಳ ಮಸೂರಗಳು ಸಾಲಾಗಿ ಗಾಜಿನಂತೆ ಕಾಣುತ್ತವೆ. ಅವುಗಳ ಜೋಡಣೆಯಿಂದಲೇ ಜೇಡದ ಕುಟುಂಬವನ್ನು ಗುರುತಿಸಬಹುದು. ಚೇಳು ಬೆನ್ನುಚಿಪ್ಪಿನ ಮುಂದಿನ ಅಂಚಿನಲ್ಲಿ ಸೀಳಿ ಮುಮ್ಮುಖವಾಗಿ ಹೊರಬರುತ್ತದೆ. ನೇರಳಾತೀತ ಟಾರ್ಚ್ ಇರುವವರು ರಾತ್ರಿ ಮುರಕಲ್ಲಿನ ಪಾಗಾರದ ಸಂದಿಗಳಿಗೆ ಬೆಳಕು ಬಿಟ್ಟರೆ ಚೇಳುಗಳು ಹಸಿರುನೀಲಿಯಾಗಿ ಹೊಳೆಯುವುದನ್ನು ಕಾಣಬಹುದು. ಕಳಚಿದ ಪೊರೆಯೂ ಹಾಗೆಯೇ ಹೊಳೆಯುತ್ತದೆ, ಆದರೆ ಆಗಷ್ಟೇ ಪೊರೆ ಬಿಟ್ಟ ಚೇಳು ಮಾತ್ರ ಹೊಸ ಕವಚ ಗಟ್ಟಿಯಾಗುವವರೆಗೆ ಹೊಳೆಯುವುದಿಲ್ಲ. ಸಂದಿಯೊಳಗೆ ಕೈಹಾಕಬಾರದೆಂದು ಬೇರೆ ಹೇಳಬೇಕಾಗಿಲ್ಲ. ಚೋರಟೆಗಳು ಮಣ್ಣಿನೊಳಗೆ ಗೂಡು ಮಾಡಿಕೊಂಡು ಕಳಚುವುದರಿಂದ ಅವುಗಳ ಪೊರೆ ಅಪರೂಪ.

ಕರಿಬೇವಿನ ಗಿಡದಿಂದ ಒಂದು ಪ್ರಯೋಗ

ಪೊರೆ ಬಿಡುವ ಕ್ರಮವನ್ನು ಆರಂಭದಿಂದ ಕೊನೆಯವರೆಗೆ ನೋಡಲು ಹಿತ್ತಿಲಿನ ಕರಿಬೇವು ಅಥವಾ ನಿಂಬೆಗಿಡ ಸಾಕು. ಎಳೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳುಗಳು ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಮೊದಲಾದ ಚಿಟ್ಟೆಗಳ ಮರಿಗಳು. ಹುಳುವಿರುವ ರೆಂಬೆಯನ್ನು ಕತ್ತರಿಸಿ ನೀರಿನ ಸೀಸೆಯಲ್ಲಿಟ್ಟು, ಹುಳು ನೀರಿಗೆ ಬೀಳದಂತೆ ಸೀಸೆಯ ಬಾಯಿಯನ್ನು ಹತ್ತಿಯಿಂದ ಮುಚ್ಚಿ, ಇಡೀ ಏರ್ಪಾಟಿಗೆ ಸೊಳ್ಳೆಪರದೆಯ ಬಟ್ಟೆಯನ್ನು ಹೊದಿಸಬೇಕು. ಅಡಿಯಲ್ಲಿ ಬಿಳಿಯ ಕಾಗದವನ್ನು ಹಾಸುವುದು ಮುಖ್ಯ. ಔಷಧಿ ಸಿಂಪಡಿಸಿದ ಗಿಡದ ಎಲೆಯನ್ನು ಎಂದಿಗೂ ಕೊಡಬಾರದು.

ಹುಳು ಐದು ಹಂತಗಳಲ್ಲಿ ಬೆಳೆಯುತ್ತದೆ. ಹಂತಗಳ ನಡುವೆ ನಾಲ್ಕು ಬಾರಿ, ಕೋಶವಾಗುವಾಗ ಐದನೆಯ ಬಾರಿ, ಚಿಟ್ಟೆಯಾಗಿ ಹೊರಬರುವಾಗ ಆರನೆಯ ಬಾರಿ ಪೊರೆ ಬಿಡುತ್ತದೆ. ಕೊನೆಯ ಹಂತಕ್ಕೆ ಬಂದಾಗ ಹಿಕ್ಕೆಯ ವೇಷ ಹೋಗಿ ಹಸಿರು ಬಣ್ಣ ಬರುತ್ತದೆ. ಪ್ರತಿ ಬಾರಿಯೂ ಮೊದಲು ಅದು ತಿನ್ನುವುದನ್ನು ನಿಲ್ಲಿಸಿ, ಎಲೆಯ ಮೇಲೆ ಸಣ್ಣ ರೇಷ್ಮೆಯ ಹಾಸನ್ನು ನೇಯ್ದು ಅಲ್ಲಾಡದೆ ಕೂರುತ್ತದೆ. ಬಯಲುಸೀಮೆಯ ರೇಷ್ಮೆ ಬೆಳೆಗಾರರು ಇದನ್ನು ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ, ಹುಳುವನ್ನು ಅಲುಗಿಸುವುದೂ ಇಲ್ಲ. ನೀವೂ ಹಾಗೆಯೇ ಮಾಡಬೇಕು: ಹುಳುವಿಗೆ ಕಾಯಿಲೆಯಾಯಿತೆಂದು ಕಡ್ಡಿಯಿಂದ ಚುಚ್ಚಿದರೆ ಕಾಲಿನ ಹಿಡಿತ ತಪ್ಪಿ ಹಳೆಯ ಪೊರೆಯಿಂದ ಬಿಡಿಸಿಕೊಳ್ಳಲಾಗದೆ ಸಾಯಬಹುದು. ಈ ಹೊತ್ತಿನಲ್ಲಿ ಮಸೂರದಿಂದ ತಲೆಯ ಭಾಗವನ್ನೇ ನೋಡುತ್ತಿರಿ. ಹಳೆಯ ತಲೆಚಿಪ್ಪು ಮುಂದಕ್ಕೆ ಸರಿದು, ಅದರ ಹಿಂದೆ ದೊಡ್ಡದಾದ ಹೊಸ ತಲೆಯ ಉಬ್ಬು ಕಾಣತೊಡಗಿದರೆ ಕಳಚುವ ಗಳಿಗೆ ಸಮೀಪಿಸಿದೆ. ಮೈಪೊರೆ ಹಿಂದಕ್ಕೆ ಸುರುಳಿಗಟ್ಟಿ ಹೋಗುತ್ತದೆ. ತಲೆಚಿಪ್ಪು ಬೇರೆಯಾಗಿ ಕೆಳಗೆ ಬೀಳುತ್ತದೆ. ಅನೇಕ ಹುಳುಗಳು ಮೈಪೊರೆಯನ್ನು ತಿಂದುಬಿಡುವುದರಿಂದ ನಿಮಗೆ ಖಚಿತವಾಗಿ ಉಳಿಯುವುದು ಬಿಳಿಕಾಗದದ ಮೇಲೆ ಬಿದ್ದ ಆ ತಲೆಚಿಪ್ಪು ಮಾತ್ರ.

ಬಿದ್ದ ತಲೆಚಿಪ್ಪುಗಳನ್ನು ಕ್ರಮವಾಗಿ ಗ್ರಾಫ್ ಹಾಳೆಯ ಮೇಲಿಟ್ಟು, ನೇರ ಮೇಲಿನಿಂದ ಮೊಬೈಲಿನಲ್ಲಿ ಚಿತ್ರ ತೆಗೆದು, ಚಿತ್ರವನ್ನು ಹಿಗ್ಗಿಸಿ ಅಗಲವನ್ನು ಅಳೆಯಬೇಕು. ಹ್ಯಾರಿಸನ್ ಡಯರ್ ಎಂಬ ಕೀಟಶಾಸ್ತ್ರಜ್ಞರು 1890ರಲ್ಲಿ ಪ್ರಕಟಿಸಿದ ನಿಯಮದಂತೆ, ತಲೆಯ ಅಗಲವು ಪ್ರತಿ ಹಂತದಲ್ಲಿಯೂ ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ, ಸಾಮಾನ್ಯವಾಗಿ ಹಿಂದಿನದರ 1.4 ಪಟ್ಟಿನ ಆಸುಪಾಸಿನಲ್ಲಿ, ಹೆಚ್ಚುತ್ತದೆ. ನಿಮ್ಮ ಅಳತೆಯಲ್ಲಿ ಎಲ್ಲಾದರೂ ಅನುಪಾತ ಹಠಾತ್ತನೆ ಇಮ್ಮಡಿಯಾಗಿ ಬಂದರೆ ನಡುವಿನ ಒಂದು ತಲೆಚಿಪ್ಪು ಕೈತಪ್ಪಿ ಹೋಗಿದೆಯೆಂದೇ ಅರ್ಥ. ತೆಂಗಿನ ಕುರುವಾಯಿ ದುಂಬಿಯ ಮರಿಗಳು ಗೊಬ್ಬರದ ಗುಂಡಿಯಲ್ಲಿ ಸಿಕ್ಕಾಗ ಅವು ಮೂರು ಹಂತಗಳಲ್ಲಿ ಯಾವುದರಲ್ಲಿವೆ ಎಂದು ನಿರ್ಧರಿಸುವುದೂ ತಲೆಯ ಅಗಲದಿಂದಲೇ, ಏಕೆಂದರೆ ಮೃದುವಾದ ಮೈ ಹಂತದೊಳಗೇ ಹಿಗ್ಗುತ್ತಾ ಹೋಗುತ್ತದೆ, ಗಟ್ಟಿಯಾದ ತಲೆ ಹಿಗ್ಗುವುದಿಲ್ಲ.

ವಿನೆಗರಿನ ಪರೀಕ್ಷೆ

ಕವಚಗಳ ರಚನೆಯ ವ್ಯತ್ಯಾಸವನ್ನು ತರಗತಿಯಲ್ಲಿ ತೋರಿಸಲು ಅಡುಗೆಯ ವಿನೆಗರ್ ಸಾಕು. ಮೂರು ಗಾಜಿನ ಲೋಟಗಳಲ್ಲಿ ಕ್ರಮವಾಗಿ ತೊಳೆದು ಒಣಗಿಸಿದ ಏಡಿಯ ಕಾಲಿನ ಚಿಪ್ಪು, ಮರುವಾಯಿ ಚಿಪ್ಪು ಮತ್ತು ಜೀರುಂಡೆಯ ಪೊರೆಯನ್ನು ಹಾಕಿ ಮುಳುಗುವಷ್ಟು ವಿನೆಗರ್ ಸುರಿಯಬೇಕು. ಮೊದಲ ಎರಡರಲ್ಲಿ ಗುಳ್ಳೆಗಳೇಳುತ್ತವೆ. ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುವುದು ಅದಕ್ಕೆ ಕಾರಣ. ಜೀರುಂಡೆಯ ಪೊರೆಯಲ್ಲಿ ಏನೂ ಆಗುವುದಿಲ್ಲ. ದಿನಕ್ಕೊಮ್ಮೆ ವಿನೆಗರ್ ಬದಲಾಯಿಸುತ್ತಾ ಬಂದರೆ ಏಡಿಯ ಕಾಲು ತನ್ನ ಆಕಾರವನ್ನು ಹಾಗೆಯೇ ಉಳಿಸಿಕೊಂಡು ಬಾಗುವಷ್ಟು ಮೃದುವಾಗುತ್ತದೆ, ಸುಣ್ಣ ಹೋದರೂ ಕೈಟಿನ್ ಮತ್ತು ಪ್ರೋಟೀನಿನ ಹಂದರ ಉಳಿದಿರುತ್ತದೆ. ಮರುವಾಯಿ ಚಿಪ್ಪು ಸವೆಯುತ್ತಲೇ ಹೋಗುತ್ತದೆ. ಮಕ್ಕಳಿಗೆ ಎಂಟು ವಂಶಗಳ ಹೆಸರು ಬಾಯಿಪಾಠ ಮಾಡಿಸುವುದಕ್ಕಿಂತ ಈ ಮೂರು ಲೋಟಗಳು ಹೆಚ್ಚು ಕಲಿಸುತ್ತವೆ.

ಸೂಕ್ಷ್ಮದರ್ಶಕವಿದ್ದವರಿಗೆ

ಮಳೆಗಾಲದ ಬಳಿಕ ಹಂಚಿನ ಮಾಡಿನ ಮೇಲೂ ಪಾಗಾರದ ಮೇಲೂ ಒಣಗಿ ಉಳಿಯುವ ಪಾಚಿಯಲ್ಲಿ ಟಾರ್ಡಿಗ್ರೇಡುಗಳನ್ನು ಹುಡುಕಬಹುದು. ಒಂದು ಹಿಡಿಯಷ್ಟು ಒಣಪಾಚಿಯನ್ನು ಕ್ಲೋರಿನ್ ಇಲ್ಲದ ಬಾವಿಯ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ, ಹಿಂಡಿದ ನೀರು ತಿಳಿಯಾಗಲು ಬಿಟ್ಟು, ತಳದ ಕೆಸರನ್ನು 40 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕದಡಿ ನೋಡಬೇಕು. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ, ನಾಲ್ಕು ಜೊತೆ ಮೊಂಡುಕಾಲುಗಳಿಂದ ಅಂಬೆಗಾಲಿಡುವ ಜೀವಿ ಕಂಡರೆ ಅದೇ ಅದು. ಸಿಗದಿದ್ದರೆ ಬೇರೆ ಗೋಡೆಯ ಪಾಚಿಯಿಂದ ಮತ್ತೆ ಪ್ರಯತ್ನಿಸಬೇಕು. ಪೊರೆ ಬಿಡುವಾಗ ಇದು ಉಗುರುಗಳನ್ನಲ್ಲದೆ ಬಾಯಿಯ ಒಳಗಿನ ಕೊಳವೆಯನ್ನೂ ಹೊರಹಾಕುತ್ತದೆ. ಹಲವು ಜಾತಿಗಳಲ್ಲಿ ಹೆಣ್ಣು ಕಳಚಿದ ಪೊರೆಯೊಳಗೇ ಮೊಟ್ಟೆಯಿಡುತ್ತದೆ. ಮೊಟ್ಟೆಗಳಿರುವ ಖಾಲಿ ಪೊರೆಯೊಂದು ಕಣ್ಣಿಗೆ ಬೀಳುವುದು ಅದೃಷ್ಟ.

ಅದೇ ನೀರಿನಲ್ಲಿ ಬಿಡುವಿಲ್ಲದೆ ನುಲಿದಾಡುವ ದಾರದಂತಹ ಜೀವಿಗಳು ದುಂಡುಹುಳುಗಳು. ಇವು ಜೀವಮಾನದಲ್ಲಿ ನಾಲ್ಕು ಬಾರಿ ಪೊರೆ ಬಿಡುತ್ತವೆ. ಆದರೆ ಬೆಳೆಯಲು ಪೊರೆ ಬಿಡಲೇಬೇಕೆಂಬ ಮಾತು ಇವುಗಳಿಗೆ ಪೂರ್ತಿ ಸಲ್ಲುವುದಿಲ್ಲ: ಮನುಷ್ಯರ ಕರುಳಿನ ಜಂತುಹುಳು ಕೊನೆಯ ಪೊರೆ ಬಿಟ್ಟ ಮೇಲೂ ಹಲವು ಪಟ್ಟು ಉದ್ದ ಬೆಳೆಯುತ್ತದೆ, ಅದರ ಕವಚವೇ ಹಿಗ್ಗುತ್ತದೆ. ಕೊಕ್ಕೆಹುಳುವಿನ ಮೂರನೆಯ ಹಂತದ ಮರಿ ಎರಡನೆಯ ಹಂತದ ಪೊರೆಯನ್ನು ಕಳಚಿಹಾಕದೆ ಹೊದ್ದುಕೊಂಡೇ ಒದ್ದೆಮಣ್ಣಿನಲ್ಲಿ ಕಾದಿದ್ದು, ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಸೇರುತ್ತದೆ. ಮಣ್ಣಿನ ಮಾದರಿ ತೆಗೆಯುವಾಗ ಚಪ್ಪಲಿ ಧರಿಸಿ, ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ನಮ್ಮ ಕರಾವಳಿಗೆ ಪರಿಚಿತವಾದ ಆನೆಕಾಲು ರೋಗದ ಹುಳುವೂ ದುಂಡುಹುಳುವೇ. ಅದರ ನಾಲ್ಕು ಪೊರೆಗಳಲ್ಲಿ ಎರಡು ಸೊಳ್ಳೆಯ ದೇಹದಲ್ಲಿ, ಇನ್ನೆರಡು ಮನುಷ್ಯನ ದೇಹದಲ್ಲಿ ಕಳಚುತ್ತವೆ.

ಮಳೆಗಾಲದಲ್ಲಿ ನೀರುಗುಂಡಿಯಲ್ಲಿ ಕೂದಲೆಳೆಯಂತೆ ಗಂಟುಗಂಟಾಗಿ ಹೊರಳುವ ಹುಳು ಕಂಡರೆ ಅದು ಮಿಡತೆ, ಚಿಮ್ಮಂಡೆಗಳಂತಹ ಕೀಟಗಳ ದೇಹದೊಳಗೆ ಬೆಳೆದು ಹೊರಬಂದ ಕೂದಲುಹುಳು. ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ. ಒನಿಕೋಫೊರಾಗಳನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ. ಭಾರತದಿಂದ 1913ರಲ್ಲಿ ವಿವರಿಸಲಾದ ಜಾತಿ ಅರುಣಾಚಲದ ಸಿಯಾಂಗ್ ಕಣಿವೆಯದು. ಸಮುದ್ರತಳದ ಮೂರು ವಂಶಗಳನ್ನು ನೋಡಲು ಕೆಸರನ್ನು ಸೋಸಿ ಬೇರ್ಪಡಿಸುವ ಪ್ರಯೋಗಾಲಯದ ಸೌಲಭ್ಯ ಬೇಕು.

ತೋಟಕ್ಕೆ ಸಂಬಂಧಿಸಿ ಒಂದು ಎಚ್ಚರಿಕೆ

ಹೊಸ ಕವಚಕ್ಕೆ ಬೇಕಾದ ಕೈಟಿನ್ ತಯಾರಾಗದಂತೆ ತಡೆಯುವ ಕೀಟನಾಶಕಗಳಿವೆ. ಡೈಫ್ಲುಬೆಂಜುರಾನ್, ಬುಪ್ರೊಫೆಜಿನ್ ಅಂತಹವು. ಬೇವಿನ ಬೀಜದ ಅಜಾಡಿರಕ್ಟಿನ್ ಕೂಡ ಪೊರೆ ಬಿಡಿಸುವ ಹಾರ್ಮೋನಿನ ವ್ಯವಸ್ಥೆಯನ್ನು ಕೆಡಿಸುತ್ತದೆ. ಇವುಗಳ ಪರಿಣಾಮ ಮುಂದಿನ ಪೊರೆ ಬಿಡುವ ಹೊತ್ತಿಗೆ ಕಾಣುವುದರಿಂದ ಸಿಂಪಡಿಸಿದ ಮರುದಿನ ಕೀಟ ಓಡಾಡುತ್ತಿದೆಯೆಂದು ಪ್ರಮಾಣ ಹೆಚ್ಚಿಸುವುದು ವ್ಯರ್ಥ. ಬೆಳೆದ ಕೀಟಗಳು ಮತ್ತೆ ಪೊರೆ ಬಿಡದ ಕಾರಣ ಅವುಗಳ ಮೇಲೆ ಪ್ರಭಾವ ಕಡಿಮೆ; ಮರಿಗಳಿರುವಾಗಲೇ ಬಳಸಬೇಕು. ಗದ್ದೆಯ ಏಡಿ, ತೋಡಿನ ಸಿಗಡಿಗಳೂ ಅದೇ ಕೈಟಿನಿನಿಂದ ಕವಚ ಕಟ್ಟಿಕೊಳ್ಳುವವು. ಡೈಫ್ಲುಬೆಂಜುರಾನ್ ಅವುಗಳಿಗೂ ವಿಷ. ಹರಿಯುವ ನೀರಿನ ಬಳಿ, ಸಿಗಡಿ ಕೊಳಗಳ ಸಮೀಪ ಇದನ್ನು ಬಳಸದಿರುವುದೇ ಸರಿ.

ಸಂಗ್ರಹಿಸಿ ಇಡುವುದು

ಏಡಿಯ ಚಿಪ್ಪನ್ನು ಸಿಹಿನೀರಿನಲ್ಲಿ ಎರಡು ಮೂರು ಬಾರಿ ಅದ್ದಿ ಉಪ್ಪು ತೆಗೆದು, ನೆರಳಿನಲ್ಲಿ ಒಣಗಿಸಬೇಕು. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನು ಎಳೆದುಕೊಂಡು ಬೂಸ್ಟು ಹಿಡಿಸುತ್ತದೆ. ಒಣಗುವ ಮೊದಲೇ ಕಾಲುಗಳನ್ನು ಬೇಕಾದ ಭಂಗಿಗೆ ಹೊಂದಿಸಿ ಗುಂಡುಸೂಜಿಗಳಿಂದ ಆನಿಸಿಡಬೇಕು. ಜೇಡ, ಜೀರುಂಡೆಯ ಪೊರೆಗಳು ಬಿರುಸಾಗಿದ್ದು ಮುಟ್ಟಿದರೆ ಪುಡಿಯಾಗುವಂತಿದ್ದರೆ, ಒದ್ದೆಹತ್ತಿಯಿಟ್ಟ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ಮೃದುಗೊಳಿಸಿಕೊಂಡ ಮೇಲೆ ಕಾಲುಗಳನ್ನು ಬಿಡಿಸಬಹುದು. ಸಿಗಡಿಯ ಪೊರೆಯಂತಹ ತೀರ ತೆಳುವಾದವನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಇಡುವುದೇ ಮೇಲು. ರಕ್ಷಿತ ಅರಣ್ಯಗಳ ಒಳಗಿನಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪೊರೆಯನ್ನೂ ತರಬಾರದು.

ಪ್ರತಿಯೊಂದು ಡಬ್ಬಿಯೊಳಗೂ ಒಂದು ಚೀಟಿ ಇರಬೇಕು. ಸಿಕ್ಕ ದಿನಾಂಕ, ಸ್ಥಳ, ಯಾವ ಗಿಡ ಅಥವಾ ಯಾವ ಮೇಲ್ಮೈ, ನೆಲದಿಂದ ಎಷ್ಟು ಎತ್ತರ, ತಲೆ ಮೇಲ್ಮುಖವಾಗಿತ್ತೋ ಕೆಳಮುಖವಾಗಿತ್ತೋ, ಸೀಳು ಎಲ್ಲಿತ್ತು ಎಂಬುದನ್ನು ಸೀಸದಕಡ್ಡಿಯಲ್ಲಿ ಬರೆಯಬೇಕು. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ಊಹಿಸಿ ಬರೆಯುವ ಬದಲು ಖಾಲಿ ಬಿಡುವುದು ಮೇಲು, ಉಳಿದ ವಿವರಗಳು ಸರಿಯಾಗಿದ್ದರೆ ತಿಳಿದವರು ಮುಂದೆಂದಾದರೂ ಹೆಸರನ್ನು ತುಂಬಬಹುದು. ನಮ್ಮ ಮಳೆಗಾಲದ ತೇವಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದು ತೇವ ಹೀರಿಕೊಂಡಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆಯಾದರೂ ಎಲ್ಲ ಡಬ್ಬಿಗಳನ್ನು ತೆರೆದು, ಬೂಸ್ಟು ಹಿಡಿದದ್ದು ಕಂಡರೆ ಮೃದುವಾದ ಕುಂಚಕ್ಕೆ ಆಲ್ಕೋಹಾಲ್ ಸವರಿ ಒರೆಸಿ, ಒಣಗಿದ ಮೇಲೆ ಮುಚ್ಚಬೇಕು.